ಬಿರುಕಮ್ಮನೂ ಮುಚ್ಚಿದ ಕೆರೆಯ ಮೇಲಿನ ಹೂಜಿಯೂ

ನಗರಸಭೆಯ ಕಚೇರಿಯಲ್ಲಿ ನನ್ನ ಪಕ್ಕದ ಮೇಜು ಅವರದು. ನಾನು ನಕ್ಷೆ ಬರೆಯುವವನು, ಅವರು ಬಿರುಕು ನೋಡುವವರು. ಊರಿನಲ್ಲಿ ಯಾರ ಮನೆಯ ಗೋಡೆ ಸೀಳಿದರೂ ಮೊದಲ ಫೋನು ಬರುತ್ತಿದ್ದುದು ಅವರಿಗೆ. ಅವರು ಹೋಗಿ, ಹಳೆಯ ಕನ್ನಡಕದ ಡಬ್ಬಿಯಿಂದ ಬೆರಳುದ್ದದ ತೆಳು ಗಾಜಿನ ಪಟ್ಟಿಯೊಂದನ್ನು ತೆಗೆದು, ಬಿರುಕಿಗೆ ಅಡ್ಡಲಾಗಿ ಇಟ್ಟು, ಎರಡೂ ತುದಿಗೆ ಗಾರೆ ಮೆತ್ತಿ, ಪಕ್ಕದಲ್ಲಿ ಪೆನ್ಸಿಲಿನಿಂದ ತಾರೀಕು ಬರೆದು ಬರುತ್ತಿದ್ದರು. ತಿಂಗಳ ಮೇಲೆ ಮತ್ತೆ ಹೋದಾಗ ಗಾಜು ಹಾಗೇ ಇದ್ದರೆ ಬಿರುಕು ಮಲಗಿದೆ ಎಂದರ್ಥ. ಗಾಜು ತುಂಡಾಗಿದ್ದರೆ ಗೋಡೆ ಇನ್ನೂ ನಡೆಯುತ್ತಿದೆ ಎಂದರ್ಥ. ಇಪ್ಪತ್ತಾರು ವರ್ಷ ಇದೇ ಕೆಲಸ. ಊರಿನವರು ಅವರಿಗೆ ಬಿರುಕಮ್ಮ ಎಂದು ಹೆಸರಿಟ್ಟರು. ಮೊದಮೊದಲು ಸಿಟ್ಟಾಗುತ್ತಿದ್ದ ಅವರು, ಆಮೇಲೆ ಫೋನೆತ್ತಿದ ಕೂಡಲೇ ತಾವೇ "ಬಿರುಕಮ್ಮ ಮಾತಾಡ್ತಿರೋದು, ಎಷ್ಟು ಅಗಲ ಇದೆ ಹೇಳಿ" ಅನ್ನತೊಡಗಿದರು.

ಒಂದು ಕೆಲಸವನ್ನು ಅಷ್ಟು ವರ್ಷ ಮಾಡಿದವರ ಕಣ್ಣು ಬೇರೆಯಾಗಿಬಿಡುತ್ತದೆ. ಮದುವೆ ಮನೆಗೆ ಹೋದರೆ ಎಲ್ಲರೂ ಹೆಣ್ಣು ಗಂಡು ನೋಡುತ್ತಿದ್ದಾಗ ಇವರು ಚಾವಣಿ ನೋಡುತ್ತಿದ್ದರು. ನೆಂಟರು ಇವರು ಬರುತ್ತಾರೆಂದು ಗೊತ್ತಾದರೆ ಗೋಡೆಯ ಬಿರುಕಿನ ಮೇಲೆ ಕ್ಯಾಲೆಂಡರ್ ತೂಗುಹಾಕುತ್ತಿದ್ದರು. ಇವರು ಬಂದವರೇ ನೆಟ್ಟಗೆ ಹೋಗಿ ಕ್ಯಾಲೆಂಡರ್ ಎತ್ತುತ್ತಿದ್ದರು. ಒಮ್ಮೆ ಹೊಸದಾಗಿ ಕೆಲಸಕ್ಕೆ ಸೇರಿದ ಗುಮಾಸ್ತೆಯ ಹಣೆಯ ಗೆರೆಗಳನ್ನು ಎಷ್ಟು ಹೊತ್ತು ದಿಟ್ಟಿಸಿದರೆಂದರೆ, ಆಕೆ ಕೈಯಿಂದ ಹಣೆ ಮುಚ್ಚಿಕೊಂಡು "ಮೇಡಂ, ಇದು ಹುಟ್ಟಿದಾಗಿಂದ ಇದೆ" ಅಂದಳು.

ನಮ್ಮ ಊರು ಅರ್ಧ ಗುಡ್ಡ, ಅರ್ಧ ಬಯಲು. ಗುಡ್ಡವೆಂದರೆ ಗಟ್ಟಿ ಬಂಡೆ. ಗುದ್ದಲಿ ಹಾಕಿದರೆ ಕಿಡಿ ಹಾರುತ್ತದೆ. ಬಯಲಿನ ಪೇಟೆ ಮಾತ್ರ ಹಿಂದೆ ಕೆರೆಯಾಗಿತ್ತು. ನಮ್ಮ ಅಜ್ಜಂದಿರ ಕಾಲದಲ್ಲಿ ಅದಕ್ಕೆ ಮಣ್ಣು, ಕಸ, ಒಡೆದ ಇಟ್ಟಿಗೆ ಸುರಿದು, ಮೇಲೆ ರಸ್ತೆ ಎಳೆದು, ಸಾಲಾಗಿ ಅಂಗಡಿ ಕಟ್ಟಿದರು. ಕಾಲ ಕಳೆದಂತೆ ಅಂಗಡಿಗಳ ಮೇಲೆ ಮಹಡಿಗಳು ಎದ್ದವು. ಎಲ್ಲಕ್ಕೂ ಒಂದೇ ಅಚ್ಚು: ಮೇಲೆ ಮೂರೋ ನಾಲ್ಕೋ ಅಂತಸ್ತು ಗೋಡೆ ತುಂಬಿದ ಮನೆಗಳು, ಕೆಳಗೆ ಮಾತ್ರ ಗೋಡೆಯೇ ಇಲ್ಲದೆ ಬರೀ ಕಂಬ ಮತ್ತು ಗಾಜು. ದಪ್ಪ ಮನುಷ್ಯ ಕಡ್ಡಿ ಕಾಲಿನ ಮೇಲೆ ನಿಂತ ಹಾಗೆ.

ಆ ಸಾಲಿನಲ್ಲಿ ಎಲ್ಲಕ್ಕಿಂತ ಎತ್ತರದ ಕಟ್ಟಡ ಬಿರುಕಮ್ಮನ ಸ್ವಂತ ಅಕ್ಕನ ಗಂಡನದು. ಅವರಿಗೆ ಪಿಂಗಾಣಿ ಅಂಗಡಿ. ಆದ್ದರಿಂದ ಊರಿಗೆಲ್ಲ ಅವರು ಪಿಂಗಾಣಿ ಭಾವ. ಕೆಳಗೆ ತಟ್ಟೆ, ಬಟ್ಟಲು, ಲೋಟ. ಎರಡನೆಯ ಮಹಡಿಯಲ್ಲಿ ಅವರೂ ಅಕ್ಕನೂ. ಉಳಿದ ಮಹಡಿಗಳಲ್ಲಿ ಬಾಡಿಗೆಯವರು. ತಾರಸಿಯ ಮೇಲೆ ಎಲ್ಲರೂ ನೀರಿನ ಟ್ಯಾಂಕು ಇಡುವ ಜಾಗದಲ್ಲಿ ಭಾವ ಕಾಂಕ್ರೀಟಿನ ಒಂದು ಹೂಜಿ ಕಟ್ಟಿಸಿದ್ದರು. ನಾಲ್ಕು ಗಿಡ್ಡ ಕಾಲು, ಮೂರಾಳು ಎತ್ತರ, ಬಿಳಿ ಬಣ್ಣ, ಮೈತುಂಬ ನೀಲಿ ಹೂವು, ಚಹಾ ಬಗ್ಗಿಸುವುದಕ್ಕೆ ಇರುವಂಥ ಬಾಗಿದ ಮೂತಿ, ಮೇಲೆ ಗುಂಡು ಹಿಡಿಯ ಮುಚ್ಚಳ. ಇಡೀ ಕಟ್ಟಡಕ್ಕೆ ನೀರು ಅದರೊಳಗಿಂದಲೇ. ಬಸ್ಸಿನಲ್ಲಿ ಬರುವವರು "ಹೂಜಿ ಸ್ಟಾಪ್" ಎಂದೇ ಇಳಿಯುತ್ತಿದ್ದರು. ಭಾವನಿಗೆ ಅದಕ್ಕಿಂತ ದೊಡ್ಡ ಹೆಮ್ಮೆ ಇನ್ನೊಂದಿರಲಿಲ್ಲ.

ಬಿರುಕಮ್ಮನಿಗೆ ಅದನ್ನು ನೋಡಿದಾಗಲೆಲ್ಲ ಪಿತ್ತ ನೆತ್ತಿಗೇರುತ್ತಿತ್ತು.

"ಭಾವ, ಕೆಳಗೆ ಕೆಸರು, ಅದರ ಮೇಲೆ ಕಡ್ಡಿ ಕಾಲು, ಅದರ ಮೇಲೆ ನಾಲ್ಕು ಅಂತಸ್ತು, ಅದರ ತಲೆ ಮೇಲೆ ಒಂದು ಲಾರಿ ನೀರು. ಭೂಮಿ ಒಂದ್ಸಲ ಮೈ ಕೊಡವಿದ್ರೆ ಏನಾಗತ್ತೆ?"

"ಇಷ್ಟು ವರ್ಷ ಕೊಡವಿಲ್ವಲ್ಲ. ಇನ್ಮೇಲೆ ಯಾಕೆ ಕೊಡವತ್ತೆ?" ಎನ್ನುತ್ತಿದ್ದರು ಭಾವ, ತಟ್ಟೆ ಒರೆಸುತ್ತ.

ಕೊಡವಿತ್ತು ಎನ್ನುವುದಕ್ಕೆ ಹಳೆಯ ದಾಖಲೆಗಳಿದ್ದವು. ತೊಂಬತ್ತು ವರ್ಷದ ಹಿಂದೆ ಒಮ್ಮೆ ನಡುಗಿತ್ತು. ಆಗ ಕೆರೆ ಕೆರೆಯಾಗಿಯೇ ಇತ್ತು. ಮೀನುಗಳು ದಡಕ್ಕೆ ಹಾರಿದವು, ಅಷ್ಟೇ. ಬಿರುಕಮ್ಮ ಇದನ್ನೆಲ್ಲ ಸೇರಿಸಿ ಒಂಬತ್ತು ವರದಿ ಬರೆದರು, ವರ್ಷಕ್ಕೊಂದರಂತೆ. ನಕ್ಷೆ ಬರೆದವನು ನಾನು. ನಮ್ಮ ದೊಡ್ಡ ಸಾಹೇಬರು, ಅಂದರೆ ಕಚೇರಿಯ ಮುಖ್ಯ ಎಂಜಿನಿಯರು, ಒಂಬತ್ತರ ಅಂಚಿನಲ್ಲೂ ಹಸಿರು ಶಾಯಿಯಲ್ಲಿ ಒಂದೇ ಪದ ಬರೆದರು: "ನೋಡೋಣ."

ಬಿರುಕಮ್ಮನ ಗಂಡ ಗಡಿಯಾರ ರಿಪೇರಿ ಮಾಡುವವರು. ಮೆದು ಮಾತಿನ ಮನುಷ್ಯ. ಹೆಂಡತಿ ಒಂಬತ್ತನೆಯ "ನೋಡೋಣ" ಹಿಡಿದು ಮನೆಗೆ ಬಂದು ಮುಖ ಊದಿಸಿಕೊಂಡು ಕೂತ ದಿನ, ಅವರು ಒಂದು ಕೋಲಿಗೆ ಮೂರು ದಾರ ಕಟ್ಟಿದರು: ಒಂದು ಗಿಡ್ಡ, ಒಂದು ನಡುವಿನದು, ಒಂದು ಉದ್ದ. ತುದಿಗೆ ಒಂದೊಂದು ನಟ್ಟು.

"ನೋಡು, ಕೋಲನ್ನ ಬೇಗಬೇಗ ಅಲ್ಲಾಡಿಸಿದ್ರೆ ಗಿಡ್ಡಂದು ಮಾತ್ರ ಕುಣಿಯತ್ತೆ. ನಿಧಾನಕ್ಕೆ ಅಲ್ಲಾಡಿಸಿದ್ರೆ ಉದ್ದಂದು ಕುಣಿಯತ್ತೆ, ಗಿಡ್ಡಂದು ಸುಮ್ನೆ ಕೋಲಿನ ಜೊತೆ ಹೋಗತ್ತೆ. ಪ್ರತಿಯೊಂದಕ್ಕೂ ಅದರದ್ದೇ ತಾಳ."

ಬಿರುಕಮ್ಮನ ಮುಖ ಅರಳಿತು. ಕಟ್ಟಡಕ್ಕೂ ಹಾಗೆಯೇ ಒಂದು ತಾಳವಿದೆ. ಗಿಡ್ಡ ಮನೆಗೆ ಚುರುಕು, ಎತ್ತರದ್ದಕ್ಕೆ ನಿಧಾನ. ನೆಲಕ್ಕೂ ಒಂದು ತಾಳವಿದೆ. ಬಂಡೆ ಚಟಪಟನೆ ನಡುಗಿ ಸುಮ್ಮನಾಗುತ್ತದೆ. ಮೆತ್ತನೆ ಮಣ್ಣು ನಿಧಾನಕ್ಕೆ, ದೊಡ್ಡದಾಗಿ, ಬಹಳ ಹೊತ್ತು ತೂಗುತ್ತದೆ. ನಮ್ಮ ಮುಚ್ಚಿದ ಕೆರೆಯ ತಾಳವೂ ಐದಂತಸ್ತಿನ ಕಟ್ಟಡದ ತಾಳವೂ ಹೆಚ್ಚುಕಮ್ಮಿ ಒಂದೇ. ಉಯ್ಯಾಲೆಯಲ್ಲಿ ಕೂತವರನ್ನು ಸರಿಯಾದ ಹೊತ್ತಿಗೆ ನೂಕುತ್ತಾ ಹೋದ ಹಾಗೆ.

ಈ ಜ್ಞಾನವನ್ನು ಅವರು ಮೊದಲು ಬಳಸಿದ್ದು ಅಕ್ಕ ಭಾವನ ಮದುವೆಯ ಇಪ್ಪತ್ತೈದನೇ ವರ್ಷದ ಪಾರ್ಟಿಯಲ್ಲಿ. ಅಕ್ಕ ದೊಡ್ಡ ಟ್ರೇ ತುಂಬ ಕೆಂಪು ಜೆಲ್ಲಿ ಮಾಡಿದ್ದಳು. ಕೇಕು ಕತ್ತರಿಸಿ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾಗ ಬಿರುಕಮ್ಮ ಮೇಜಿನ ಮೇಲೆ ಬಿಸ್ಕತ್ತುಗಳಿಂದ ಎರಡು ಗೋಪುರ ಕಟ್ಟಿದರು. ಒಂದು ಬರೀ ಮೇಜಿನ ಮೇಲೆ, ಇನ್ನೊಂದು ಜೆಲ್ಲಿಯ ಮೇಲೆ. ಎರಡರ ತಲೆಯ ಮೇಲೂ ಒಂದೊಂದು ಸಕ್ಕರೆ ಬಟ್ಟಲು.

"ಇದು ಗುಡ್ಡ. ಇದು ಭಾವನ ಪೇಟೆ. ಎಲ್ಲರೂ ನೋಡಿ" ಎಂದು ಮೇಜನ್ನು ಹಿಡಿದು ಅಲ್ಲಾಡಿಸಿದರು.

ಗುಡ್ಡದ ಗೋಪುರ ಕಟಕಟ ಎಂದು ನಿಂತಿತು. ಜೆಲ್ಲಿಯ ಗೋಪುರ ಒಮ್ಮೆ ಬಲಕ್ಕೆ ಬಾಗಿತು, ಒಮ್ಮೆ ಎಡಕ್ಕೆ ಬಾಗಿತು, ಮೂರನೆಯ ಸಲ ಬಿಸ್ಕತ್ತು, ಸಕ್ಕರೆ, ಒಂದು ಸೇರು ಜೆಲ್ಲಿಯ ಸಮೇತ ಎದುರಿಗೆ ಕೂತಿದ್ದ ಹಲ್ಲಿನ ಡಾಕ್ಟರ ಮಡಿಲಿಗೆ ಬಿತ್ತು. ಹಲ್ಲಿನ ಡಾಕ್ಟರು ಭಾವನ ಪಕ್ಕದ ಕಟ್ಟಡದವರು. ಎರಡು ಕಟ್ಟಡಗಳ ನಡುವೆ ನಾಲ್ಕು ಬೆರಳಿನ ಜಾಗ. ಆ ನಾಲ್ಕು ಬೆರಳು ಯಾರದೆಂದು ಇಬ್ಬರಿಗೂ ಹತ್ತು ವರ್ಷದ ಜಗಳ. ಡಾಕ್ಟರು ಪ್ಯಾಂಟಿನಿಂದ ಜೆಲ್ಲಿ ಕೆರೆಯುತ್ತ, "ಇದು ಬೇಕಂತಲೇ ಮಾಡಿದ್ದು" ಅಂದರು.

ಭಾವ ಗಂಭೀರವಾಗಿ ಎದ್ದು ನಿಂತು ನೆಂಟರಿಗೆಲ್ಲ ಕೇಳುವಂತೆ ಹೇಳಿದರು: "ನಾದಿನಿ ಹೇಳಿದ್ದು ಅರ್ಥ ಆಯ್ತು. ಬಿಸ್ಕತ್ತಲ್ಲಿ ಮನೆ ಕಟ್ಟಬಾರದು."

ಎಲ್ಲರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಬಿರುಕಮ್ಮ ಊಟ ಮಾಡದೆ ಮನೆಗೆ ಹೋದರು. ಗಂಡ ಎರಡು ಪಾಲು ಊಟ ಮಾಡಿ ಹಿಂದೆಯೇ ಹೋದರು.

ಭಾವನನ್ನು ಮಣಿಸಿದ್ದು ಜೆಲ್ಲಿಯಲ್ಲ, ರಬ್ಬರು. ಅಂಗಡಿಯ ಮುಂದೆ ದೊಡ್ಡ ಬಸ್ಸು ಹೋದಾಗಲೆಲ್ಲ ಕಪಾಟಿನ ತಟ್ಟೆಗಳು ಕಿಣಿಕಿಣಿ ಎನ್ನುತ್ತಿದ್ದವು. ಭಾವ ಅದಕ್ಕೆ ಬೆಕ್ಕನ್ನು ಬೈಯುತ್ತಿದ್ದರು. ಕೊನೆಗೆ ಬೆಕ್ಕು ಮನೆ ಬಿಟ್ಟು ಹೋದ ಮೇಲೂ ಕಿಣಿಕಿಣಿ ನಿಲ್ಲದೇ ಹೋದಾಗ, ಎಲ್ಲ ತಟ್ಟೆಗಳ ಕೆಳಗೂ ರಬ್ಬರ್ ಹಾಸಿದರು. ಅದು ಮುಗಿದ ದಿನ ಬಿರುಕಮ್ಮ ಅಂಗಡಿಗೆ ಬಂದರು. ನಾನೂ ಜೊತೆಗಿದ್ದೆ. ಅಕ್ಕ ಗಲ್ಲಾದಲ್ಲಿ ಕೂತಿದ್ದಳು.

"ಇದೇನು ಭಾವ?"

"ರಬ್ಬರು. ನೆಲ ಅದುರಿದ್ರೂ ತಟ್ಟೆ ಅದುರಲ್ಲ."

"ಹಾಗಾದ್ರೆ ನೆಲ ಅದುರತ್ತೆ ಅಂತ ಒಪ್ಪಿದ್ರಿ."

"ಬಸ್ಸಿಗೆ ಅದುರತ್ತಮ್ಮ, ಸ್ವಲ್ಪ."

"ಗುಡ್ಡದ ಮೇಲೆ ಇದೇ ಬಸ್ಸಿಗೆ ನಮ್ಮನೆ ಲೋಟದ ನೀರು ಕೂಡ ಅಲ್ಲಾಡಲ್ಲ. ಇರಲಿ. ತಟ್ಟೆಗೆ ರಬ್ಬರ್ ಹಾಸಿದ್ರಿ. ಅಕ್ಕನಿಗೆ ಏನು ಹಾಸಿದ್ದೀರಿ?"

ಅಕ್ಕ ನಿಧಾನವಾಗಿ ತಲೆಯೆತ್ತಿ ಗಂಡನನ್ನು ನೋಡಿದಳು. ಇಪ್ಪತ್ತೈದು ವರ್ಷದಲ್ಲಿ ಅಂಥ ನೋಟ ನೋಡಿರಲಿಲ್ಲ ಎಂದು ಭಾವ ಆಮೇಲೆ ನನ್ನ ಹತ್ತಿರ ಹೇಳಿಕೊಂಡರು.

"ಹೌದಲ್ರೀ" ಅಂದಳು ಅಕ್ಕ. "ನನಗೇನು ಹಾಸಿದ್ದೀರಿ?"

ಮಾರನೆಯ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದಾಗ ಮುಂದಿನ ಗಾಜಿನ ಶೋಕೇಸಿನಲ್ಲಿ, ದೊಡ್ಡ ಸೂಪಿನ ಬಟ್ಟಲಿಗೂ ಹನ್ನೆರಡು ತಟ್ಟೆಗಳ ಸೆಟ್ಟಿಗೂ ನಡುವೆ, ರಬ್ಬರ್ ಹಾಸಿನ ಮೇಲೆ ಕುರ್ಚಿ ಹಾಕಿಕೊಂಡು ಅಕ್ಕ ಉಣ್ಣೆ ಹೆಣೆಯುತ್ತ ಕೂತಿದ್ದಳು. "ಈ ಕಟ್ಟಡದಲ್ಲಿ ಭದ್ರವಾಗಿರೋ ಜಾಗ ಇದೊಂದೇ ಅಂತೆ. ಇಲ್ಲೇ ಇರ್ತೀನಿ" ಎಂದಳು. ಊಟ ಅಲ್ಲೇ, ಮಧ್ಯಾಹ್ನದ ನಿದ್ದೆ ಅಲ್ಲೇ. ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು. ಎರಡನೆಯ ದಿನ ಗುಂಪು ಸೇರಿತು. ಮೂರನೆಯ ದಿನ ದೂರದೂರಿನ ಮುದುಕರೊಬ್ಬರು ಒಳಗೆ ಬಂದು, ಅಕ್ಕನ ಕಡೆ ಕೈ ತೋರಿಸಿ, "ಆ ಗೊಂಬೆ ಬೇರೆ ಬಣ್ಣದಲ್ಲಿ ಸಿಗತ್ತಾ?" ಎಂದು ಕೇಳಿದರು. ಗೊಂಬೆ ಕಣ್ಣು ಕೆಂಪು ಮಾಡಿತು. ಮುದುಕರು ಲೋಟವೊಂದನ್ನು ಕೈಬಿಟ್ಟರು.

ಭಾವ ಅವತ್ತೇ ಸಂಜೆ ಸೋತರು.

ಖಾಸಗಿ ಎಂಜಿನಿಯರೊಬ್ಬರು ಬಂದು ಕಂಬ, ತಳಪಾಯ ಎಲ್ಲ ಅಳೆದು ಲೆಕ್ಕ ಹಾಕಿದರು. ನಾನು ನಕ್ಷೆ ಬರೆದೆ. ಕೆಳಗಿನ ಅಂತಸ್ತಿನಲ್ಲಿ ಕಂಬದಿಂದ ಕಂಬಕ್ಕೆ ಉಕ್ಕಿನ ದಪ್ಪ ತೊಲೆಗಳನ್ನು ಓರೆಯಾಗಿ, ಒಂದರ ಮೇಲೊಂದು ಕತ್ತರಿ ಹಾಕಿದಂತೆ ಕೂರಿಸಬೇಕು. ಮುಂದೆ ಎರಡು, ಹಿಂದೆ ಎರಡು, ಪಕ್ಕಗಳಲ್ಲಿ ಎರಡೆರಡು. ಆಗ ಕಡ್ಡಿ ಕಾಲು ಮಡಚುವುದಿಲ್ಲ. ಇಪ್ಪತ್ತು ದಿನ ವೆಲ್ಡಿಂಗ್ ನಡೆಯಿತು. ಕೊನೆಗೆ ಭಾವ ರಸ್ತೆಯಾಚೆ ನಿಂತು ತಮ್ಮ ಅಂಗಡಿಯನ್ನು ನೋಡಿ ಹಣೆ ಹಣೆ ಚಚ್ಚಿಕೊಂಡರು.

"ಅಯ್ಯೋ, ಟೀಚರು ನೋಟ್‌ಬುಕ್ಕಲ್ಲಿ ತಪ್ಪು ಅಂತ ಗೀಟು ಎಳೀತಾರಲ್ಲ, ಹಾಗಿದೆ! ನನ್ನ ಅಂಗಡಿಯೇ ತಪ್ಪು ಅಂದ ಹಾಗಾಯ್ತು!"

ಎರಡು ದಿನ ಗಿರಾಕಿಗಳು ಅಂಗಡಿ ಮುಚ್ಚಿದೆ ಎಂದುಕೊಂಡು ವಾಪಸು ಹೋದದ್ದೂ ನಿಜ. ಮೂರನೆಯ ದಿನ ಅಕ್ಕ ಆ ತೊಲೆಗಳಿಗೆ ಹಳದಿ ಬಣ್ಣ ಬಳಿಸಿ, ಕೊಕ್ಕೆ ಹಾಕಿಸಿ, ಬಣ್ಣಬಣ್ಣದ ಕಪ್ಪುಗಳನ್ನು ತೂಗುಹಾಕಿದಳು. ಜನ ಅದನ್ನು ನೋಡುವುದಕ್ಕೇ ಬಂದರು. ಭಾವ ಅದು ತಮ್ಮದೇ ಯೋಚನೆ ಎಂದು ಹೇಳಿಕೊಂಡರು.

ಹೂಜಿಯ ವಿಷಯದಲ್ಲಿ ಮಾತ್ರ ಅವರು ಜಗ್ಗಲಿಲ್ಲ. "ಅದನ್ನ ತೆಗೆದ್ರೆ ನನ್ನನ್ನೂ ತೆಗೆದ ಹಾಗೆ" ಎಂದರು. ಕೊನೆಗೆ ಒಂದು ರಾಜಿ ಆಯಿತು: ಹೂಜಿ ಇರಲಿ, ನೀರು ಮಾತ್ರ ಅರ್ಧಕ್ಕಿಂತ ಹೆಚ್ಚು ತುಂಬಿಸುವಂತಿಲ್ಲ. ಭಾವ ಸೂಪಿನ ಬಟ್ಟಲು ಮುಟ್ಟಿ ಆಣೆ ಮಾಡಿದರು.

ಐದು ತಿಂಗಳು ಕಳೆಯಿತು. ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಬಿರುಕಮ್ಮನೂ ನಾನೂ ಆ ಸಾಲಿನಲ್ಲಿ ಗಾಜಿನ ಪಟ್ಟಿ ನೋಡುತ್ತ ಹೋಗುತ್ತಿದ್ದೆವು. ಅವರು ತಲೆಯೆತ್ತಿ ಹೂಜಿಯನ್ನು ನೋಡಿದರು. ಮುಚ್ಚಳದ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅವರು ಬಾಣದಂತೆ ಅಂಗಡಿಗೆ ನುಗ್ಗಿದರು.

"ಭಾವ, ಹೂಜಿ ತುಂಬಿದೆ."

"ಇಲ್ಲಮ್ಮ, ಅರ್ಧ."

"ತುಳುಕ್ತಾ ಇದೆ!"

"ಅದು ಇಬ್ಬನಿ."

"ಹನ್ನೊಂದು ಗಂಟೆಗೆ ಇಬ್ಬನಿನಾ?"

ಭಾವ ಎದೆಯ ಮೇಲೆ ಕೈಯಿಟ್ಟು, ನಾಟಕದ ರಾಜನ ಹಾಗೆ ನಿಂತು, "ನೋಡು ನಾದಿನಿ, ಈ ಭೂಮಿ ನಡುಗಿದ್ರೂ ಹೇಳ್ತೀನಿ, ಅರ್ಧವೇ..." ಎಂದರು.

ಭೂಮಿ ನಡುಗಿತು.

ಮೊದಲು ದೊಡ್ಡ ಲಾರಿ ಬಂದ ಹಾಗೆ ಗುಡುಗುಡು. ಆಮೇಲೆ ನೆಲ ಪಕ್ಕಕ್ಕೆ ಜಾರಿತು, ಮತ್ತೆ ವಾಪಸು ಬಂತು, ಮತ್ತೆ ಜಾರಿತು. ಬಿರುಕಮ್ಮ ಎಡಗೈಯಲ್ಲಿ ಭಾವನ ಕಾಲರು, ಬಲಗೈಯಲ್ಲಿ ನನ್ನ ಕಿವಿ ಹಿಡಿದು ಪ್ಯಾಕಿಂಗ್ ಮಾಡುವ ದಪ್ಪ ಮರದ ಮೇಜಿನ ಕೆಳಗೆ ಎಳೆದರು. ಭಾವ ದಾರಿಯಲ್ಲಿ ಸೂಪಿನ ಬಟ್ಟಲನ್ನು ತಬ್ಬಿಕೊಂಡು ಬಂದರು. ಹಳದಿ ತೊಲೆಗಳಿಂದ ಕಪ್ಪುಗಳು ಒಂದೊಂದಾಗಿ, ಆಮೇಲೆ ಒಟ್ಟೊಟ್ಟಾಗಿ ಬಿದ್ದವು. ತೊಲೆಗಳು ಕೀರಲು ದನಿಯಲ್ಲಿ ಕಿರುಚಿದವು, ಆದರೆ ಬಾಗಲಿಲ್ಲ. ನಾಲ್ಕು ಬೆರಳಿನ ಜಾಗ ಸಾಲದೆ ಎರಡು ಕಟ್ಟಡಗಳೂ ಮೇಲೆ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿದ್ದ ಸದ್ದು ಕೇಳುತ್ತಿತ್ತು. ಯಾರೋ ಎರಡು ದೊಡ್ಡ ಪೆಟ್ಟಿಗೆಗಳನ್ನು ಹಿಡಿದು ಚಪ್ಪಾಳೆ ಹೊಡೆದ ಹಾಗೆ. ನನ್ನ ಲೆಕ್ಕದಲ್ಲಿ ಅರ್ಧ ಗಂಟೆ. ನಿಜಕ್ಕೂ ನಲವತ್ತು ಸೆಕೆಂಡು.

ಸದ್ದು ನಿಂತ ಮೇಲೆ ಮೇಜಿನ ಕೆಳಗೆ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಭಾವ ಬಹಳ ಸಣ್ಣ ದನಿಯಲ್ಲಿ, "ತುಂಬಿತ್ತಮ್ಮ" ಅಂದರು.

ಹೊರಗೆ ಓಡಿದೆವು. ಅಕ್ಕ ಆಗಲೇ ರಸ್ತೆಯ ನಡುವೆ ಇದ್ದಳು. ಉಣ್ಣೆ ಕೊಳ್ಳಲು ಹೋದವಳು ಸೂಜಿ ಹಿಡಿದೇ ನಿಂತಿದ್ದಳು. ಬಾಡಿಗೆಯವರೂ ಒಬ್ಬೊಬ್ಬರಾಗಿ ಇಳಿದು ಬಂದರು, ಎಲ್ಲರೂ ನೆಟ್ಟಗಿದ್ದರು. ತಲೆಯೆತ್ತಿ ನೋಡಿದರೆ ಹೂಜಿ ತನ್ನ ಜನ್ಮದಲ್ಲಿ ಮೊದಲ ಸಲ ತನ್ನ ಕೆಲಸ ಮಾಡುತ್ತಿತ್ತು. ಒಂದು ಕಾಲು ಮುರಿದು ಹಲ್ಲಿನ ಡಾಕ್ಟರ ಕಡೆಗೆ ಬಾಗಿ, ಮೂತಿಯಿಂದ ದಪ್ಪಗೆ ನೀರು ಬಗ್ಗಿಸುತ್ತಿತ್ತು. ಆ ನೀರು ನೆಟ್ಟಗೆ ಡಾಕ್ಟರ ಕ್ಲಿನಿಕ್ಕಿನ ಮೇಲಿನ ಗಾಜಿನ ಕಿಂಡಿಯೊಳಗೆ ಇಳಿಯುತ್ತಿತ್ತು.

ಸ್ವಲ್ಪ ಹೊತ್ತಿಗೆ ಡಾಕ್ಟರು ಇಳಿದು ಬಂದರು, ಮೈಯೆಲ್ಲ ಒದ್ದೆ, ಕೈಯಲ್ಲಿ ಇಕ್ಕಳ, ಇಕ್ಕಳದಲ್ಲಿ ಒಂದು ದವಡೆ ಹಲ್ಲು. ಅವರ ಹಿಂದೆ ಕೊರಳಿಗೆ ಪ್ಲಾಸ್ಟಿಕ್ ಬಟ್ಟೆ ಕಟ್ಟಿಕೊಂಡು, ಬಾಯಿ ತುಂಬ ಹತ್ತಿ ಇಟ್ಟುಕೊಂಡು ಇಳಿದವರು ನಮ್ಮ ದೊಡ್ಡ ಸಾಹೇಬರು. ಮೊದಲ ಕುಲುಕಿಗೇ ಹಲ್ಲು ತಾನಾಗಿ ಬಂದಿತ್ತಂತೆ. ಅರ್ಧ ಮುಖ ಜೋಮು ಹಿಡಿದಿತ್ತು. ಅವರು ಬಿರುಕಮ್ಮನನ್ನು ನೋಡಿದವರೇ ಎರಡೂ ಕೈ ಹಿಡಿದುಕೊಂಡರು.

"ಬಿವುಕಮ್ಮ, ವಿಪೋವ್ತು ಎವ್ವಿ?"

"ಏನು ಸಾರ್?"

"ವಿಪೋವ್ತು! ವಿಪೋವ್ತು!"

"ರಿಪೋರ್ಟು ಅಂತಿದ್ದಾರೆ" ಅಂದೆ ನಾನು.

"ಒಂಬತ್ತೂ ನಿಮ್ಮ ಬೀರುವಿನಲ್ಲೇ ಇವೆ ಸಾರ್" ಅಂದರು ಬಿರುಕಮ್ಮ. ಸಾಹೇಬರು ಅತ್ತರು. ಅದು ಹಲ್ಲಿನ ನೋವಿಗೂ ಇರಬಹುದು.

ಆ ದಿನವೇ ಶುರುವಾಯಿತು ಊರಿನ ಸುತ್ತಾಟ. ನಾನು ನಕ್ಷೆ ಹಿಡಿದು, ಅವರು ಬಣ್ಣದ ಪೆನ್ಸಿಲ್ ಹಿಡಿದು. ಮುಚ್ಚಿದ ಕೆರೆಯ ಮೇಲಿನ ನಾಲ್ಕೈದಂತಸ್ತಿನ ಕಟ್ಟಡಗಳೇ ಹೆಚ್ಚು ಪೆಟ್ಟು ತಿಂದಿದ್ದವು, ಹದಿನೇಳು. ಅವುಗಳಲ್ಲಿ ಎರಡು, ಕಂಬಗಳು ಮಡಚಿ, ಒಂಟೆ ಕೂತ ಹಾಗೆ ಕೂತುಬಿಟ್ಟಿದ್ದವು. ಒಂದು ಇನ್ನೂ ಕಟ್ಟುತ್ತಿದ್ದದ್ದು. ಕೆಲಸದವರೆಲ್ಲ ಚಹಾಕ್ಕೆ ಹೋಗಿದ್ದರು. ಇನ್ನೊಂದು ಖಾಲಿ ಗೋದಾಮು. ಕೈಕಾಲು ಮುರಿದವರು ಹನ್ನೊಂದು ಮಂದಿ, ಸತ್ತವರು ಯಾರೂ ಇಲ್ಲ. ಅದೇ ಪೇಟೆಯ ಒಂದಂತಸ್ತಿನ ಹಳೆಯ ಮನೆಗಳಲ್ಲಿ ನಾಲ್ಕು ಹೆಂಚು ಜಾರಿದ್ದು ಬಿಟ್ಟರೆ ಏನೂ ಇಲ್ಲ. ಭಾವನ ಕಟ್ಟಡ ನಿಂತಿತ್ತು. ಡಾಕ್ಟರ ತಾರಸಿ ಬಂದು ಗುದ್ದಿದ ಕಡೆ ಮೇಲಿನ ಎರಡು ಕಂಬಗಳ ಸಿಮೆಂಟು ಸಿಪ್ಪೆಯೆದ್ದಿತ್ತು, ಅಷ್ಟೇ. ಗುಡ್ಡದ ಮೇಲಂತೂ ಎಷ್ಟೋ ಜನಕ್ಕೆ ಸುದ್ದಿ ತಿಳಿದದ್ದು ರೇಡಿಯೋದಲ್ಲಿ.

"ನಾನು ಹೇಳಿರಲಿಲ್ವಾ?" ಎಂದು ಬಿರುಕಮ್ಮ ಆ ದಿನ ಎಷ್ಟು ಸಲ ಅಂದರೋ ಲೆಕ್ಕವಿಲ್ಲ. ನಕ್ಷೆಯ ಮೇಲೆ ಬಣ್ಣ ತುಂಬುವಾಗ ಗುಡ್ಡಕ್ಕೆಲ್ಲ ಹಸಿರು ಬಳಿದರು. "ನಮ್ಮನೆ ಇಲ್ಲಿ" ಎಂದು ಅದಕ್ಕೆ ಇನ್ನೊಂದು ಕೋಟು ಹಸಿರು ಬಳಿದರು. ಮನೆಗೆ ಫೋನು ಮಾಡಿದಾಗ ಗಂಡ "ಎಲ್ಲರೂ ಚೆನ್ನಾಗಿದ್ದೀವಿ, ನೀನು ನಿಧಾನಕ್ಕೆ ಬಾ" ಅಂದಿದ್ದರು. ನಿಧಾನಕ್ಕೆ ಬಾ ಎಂದದ್ದು ಯಾಕೆಂದು ಆಗ ಹೊಳೆಯಲಿಲ್ಲ.

ಸಂಜೆ ಅವರ ಮನೆಯಲ್ಲೇ ಚಹಾ ಕುಡಿದು ಮುಂದಿನ ಬೀದಿಗೆ ಹೋಗೋಣವೆಂದು ಇಬ್ಬರೂ ಹೋದೆವು. ಗಂಡ ಬಾಗಿಲಲ್ಲೇ ತೋಳು ಚಾಚಿ ನಿಂತಿದ್ದರು. ಅವರ ಹಿಂದೆ ಗೋಡೆಯ ಮೇಲಿನ ಮೂವತ್ತು ಗಡಿಯಾರಗಳೂ ಹನ್ನೊಂದು ಗಂಟೆ ಹನ್ನೆರಡು ನಿಮಿಷಕ್ಕೆ ನಿಂತಿದ್ದವು. ಗಡಿಯಾರಗಳ ಹಿಂದೆ ಇರಬೇಕಾಗಿದ್ದ ಅಡುಗೆಮನೆ ಸ್ವಲ್ಪ ಆಚೆ ಇತ್ತು.

ಮನೆ ಎರಡಾಗಿತ್ತು. ನಡುಮನೆಗೂ ಅಡುಗೆಮನೆಗೂ ನಡುವೆ, ಚಾವಣಿಯಿಂದ ನೆಲದವರೆಗೆ, ಅಂಗೈ ಅಗಲದ ಸೀಳು. ಅದರೊಳಗಿಂದ ಪಕ್ಕದ ಮನೆಯವರ ಒಗೆದ ಬಟ್ಟೆ ಕಾಣಿಸುತ್ತಿತ್ತು. ಆಚೆಯ ದಡದಲ್ಲಿ ಬಿರುಕಮ್ಮನ ಅತ್ತೆ ಸ್ಟೂಲಿನ ಮೇಲೆ ಕೂತು ತರಕಾರಿ ಹೆಚ್ಚುತ್ತಿದ್ದರು.

"ಬಂದ್ಯಾ?" ಅಂದರು ಅತ್ತೆ. "ನೋಡು, ನಿನ್ನ ನಡುಮನೆ ಆಚೆ ಹೋಗಿಬಿಡ್ತು."

"ನಡುಮನೆ ಅಲ್ಲ ಅತ್ತೆ, ಅಡುಗೆಮನೆ ಹೋಗಿರೋದು. ಮೊದಲು ಈಚೆ ಬನ್ನಿ!"

"ನಾನು ಇಲ್ಲೇ ಇದ್ದೆನಲ್ಲ. ನಾನು ಎಲ್ಲೂ ಹೋಗಿಲ್ಲ. ಹೋಗಿದ್ದು ನೀವು."

ಅವರನ್ನು ಈಚೆ ದಾಟಿಸಲು ಕಾಲು ಗಂಟೆ ಹಿಡಿಯಿತು. ತರಕಾರಿ ಮೊದಲು ದಾಟಬೇಕೆಂದು ಹಟ ಹಿಡಿದರು.

ಬಿರುಕಮ್ಮ ಟಾರ್ಚ್ ಹಿಡಿದು ಮನೆಯ ಹಿಂಬದಿಗೆ ಇಳಿದು, ಅಡುಗೆಮನೆಯ ಕೆಳಗೆ ತೂರಿದರು. ಹೊರಗೆ ಬಂದಾಗ ಮುಖ ಬಿಳಿಚಿಕೊಂಡಿತ್ತು. ಮನೆಯ ಮುಂದಿನರ್ಧ ಬಂಡೆಯ ಮೇಲೆಯೇ ಇತ್ತು. ಹಿಂದಿನರ್ಧ ಮಾತ್ರ ಇಳಿಜಾರು. ಅದನ್ನು ಸಮ ಮಾಡಲು ಕಟ್ಟಿದವರು ಸಡಿಲ ಮಣ್ಣು ತುಂಬಿ, ಅದರ ಮೇಲೆ ಅಡುಗೆಮನೆ ಕೂರಿಸಿದ್ದರು. ಮನೆಯ ಒಂದು ಕಾಲು ಕಲ್ಲಿನ ಮೇಲೆ, ಇನ್ನೊಂದು ದಿಂಬಿನ ಮೇಲೆ. ನಡುಗಿದಾಗ ಎರಡೂ ಬೇರೆಬೇರೆ ತಾಳ ಹಾಕಿದ್ದವು. ಊರಿನ ಸಾವಿರ ಮನೆಗಳ ಕೆಳಗೆ ಏನಿದೆಯೆಂದು ಹೇಳುತ್ತಿದ್ದ ಹೆಂಗಸು ಈ ಮನೆಯಲ್ಲಿದ್ದ ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ತಮ್ಮ ಮನೆಯ ಕೆಳಗೆ ಬಗ್ಗಿ ನೋಡಿರಲಿಲ್ಲ.

"ಒಂದು ಎಳೆ ಬಿರುಕಾದ್ರೂ ಮೊದಲೇ ಕಾಣಿಸಬೇಕಿತ್ತು" ಅಂದರು ಅವರು. "ಇಷ್ಟು ದೊಡ್ಡದು ಒಂದೇ ದಿನಕ್ಕೆ ಬರಲ್ಲ."

ಗಂಡ ಗಂಟಲು ಸರಿಮಾಡಿಕೊಂಡರು. "ಇತ್ತು. ಎರಡು ವರ್ಷದಿಂದ."

"ಎಲ್ಲಿ?"

"ಆ ದೊಡ್ಡ ಗಡಿಯಾರದ ಹಿಂದೆ. ಸಣ್ಣದಿದ್ದಾಗ ಸಣ್ಣ ಗಡಿಯಾರ ಹಾಕಿದ್ದೆ. ಬೆಳೀತಾ ಬೆಳೀತಾ ಗಡಿಯಾರನೂ ದೊಡ್ಡದು ಮಾಡ್ತಾ ಬಂದೆ."

"ಯಾಕ್ರೀ? ನನಗ್ಯಾಕೆ ಹೇಳ್ಲಿಲ್ಲ?"

"ದಿನಾ ಎಲ್ಲರ ಮನೆ ಬಿರುಕು ನೋಡಿ ಸುಸ್ತಾಗಿ ಬರ್ತೀಯ. ಮನೆಗೆ ಬಂದ ಮೇಲಾದ್ರೂ ಸ್ವಲ್ಪ ಗಡಿಯಾರ ನೋಡಲಿ ಅಂತ."

ಬಿರುಕಮ್ಮ ಬೈಯಬೇಕೋ ಅಳಬೇಕೋ ತಿಳಿಯದೆ ಜೋರಾಗಿ ನಗತೊಡಗಿದರು. ಗಂಡನೂ ನಕ್ಕರು. ಅತ್ತೆ, "ಮನೆ ಮುರಿದವರು ನಗ್ತಾರೇನೋ" ಎಂದು ನನ್ನನ್ನು ಕೇಳಿದರು. ಆಮೇಲೆ ಬಿರುಕಮ್ಮ ಕಣ್ಣೊರೆಸಿಕೊಂಡು, ನಕ್ಷೆ ಬಿಚ್ಚಿ, ತಮ್ಮ ಮನೆಯ ಮೇಲಿನ ಎರಡು ಕೋಟು ಹಸಿರನ್ನು ರಬ್ಬರಿನಿಂದ ಉಜ್ಜಿ ತೆಗೆದರು. ಕಾಗದ ತೂತಾಯಿತು. ತೂತಿನ ಸುತ್ತ ಕೆಂಪು ಗೆರೆ ಎಳೆದರು.

ಭಾವನ ಕಟ್ಟಡದ ಕಂಬಗಳ ರಿಪೇರಿ ಮುಗಿದ ಮೇಲೆ ಬಿರುಕಮ್ಮ, ಗಂಡ, ಅತ್ತೆ, ಮೂವತ್ತು ಗಡಿಯಾರಗಳು, ಎಲ್ಲವೂ ಅಕ್ಕನ ಮನೆಗೆ ಬಂದವು. ಏಳು ತಿಂಗಳು ಅಲ್ಲೇ ಇದ್ದರು. ಮುಚ್ಚಿದ ಕೆರೆಯ ಮೇಲೆ, ಭಾವನ ಋಣದಲ್ಲಿ! ಭಾವ ಒಂದು ಮಾತೂ ಆಡಲಿಲ್ಲ. ಪ್ರತಿ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಸುಮ್ಮನೆ ಕಿಟಕಿಯಿಂದ ಗುಡ್ಡದ ಕಡೆ ನೋಡಿ, ದೀರ್ಘವಾಗಿ "ಬಂಡೆ..." ಎಂದು ನಿಟ್ಟುಸಿರು ಬಿಡುತ್ತಿದ್ದರು. ಬಿರುಕಮ್ಮ ಅದನ್ನೆಲ್ಲ ಹೊಟ್ಟೆಗೆ ಹಾಕಿಕೊಂಡರು. ಹೂಜಿಯನ್ನು ಕತ್ತರಿಸಿ ಇಳಿಸಿದ ದಿನ ಭಾವ ಊಟ ಬಿಟ್ಟು ಮಲಗಿದಾಗ, ಹೊರಗೆ ಹೋಗಿ ಅದರ ಮುಚ್ಚಳದ ಗುಂಡು ಹಿಡಿಯನ್ನು ಉಳಿಸಿ ತಂದು ಅವರ ಮಂಚದ ಪಕ್ಕ ಇಟ್ಟವರೂ ಬಿರುಕಮ್ಮನೇ. ಭಾವ ಈಗ ಅದರ ಮೇಲೆ ಕೂತು ವ್ಯಾಪಾರ ಮಾಡುತ್ತಾರೆ.

ದೊಡ್ಡ ಸಾಹೇಬರು ಒಂಬತ್ತೂ ವರದಿಗಳನ್ನು ಹೊರಗೆ ತೆಗೆಸಿ, "ನೋಡೋಣ"ದ ಪಕ್ಕದಲ್ಲಿ "ನೋಡಿದೆ" ಎಂದು ಬರೆದು ಸಹಿ ಹಾಕಿದರು. ಕೆರೆಯ ಪೇಟೆಯಲ್ಲಿ ಗೋಡೆಯಿಲ್ಲದ ಕೆಳ ಅಂತಸ್ತಿಗೆ ಓರೆ ತೊಲೆ ಕಡ್ಡಾಯವಾಯಿತು. ಹೊಸ ಕಟ್ಟಡಗಳ ನಡುವೆ ಒಂದು ಮೊಳ ಜಾಗ ಬಿಡಬೇಕೆಂದಾಯಿತು. ಈಗ ಇಡೀ ಬೀದಿ ಹಳದಿ, ಕೆಂಪು, ನೀಲಿ ಕತ್ತರಿಗಳ ಸಾಲು. ಚಪ್ಪಲಿ ಅಂಗಡಿಯವರು ಚಪ್ಪಲಿ ತೂಗುಹಾಕುತ್ತಾರೆ. ಡಾಕ್ಟರು ಏನು ತೂಗುಹಾಕುವುದೆಂದು ಇನ್ನೂ ಯೋಚಿಸುತ್ತಿದ್ದಾರೆ.

ಗುಡ್ಡದ ಮನೆಯನ್ನೂ ಕಟ್ಟಿ ಮುಗಿಸಿದರು. ಅಡುಗೆಮನೆಯ ಕಂಬಗಳನ್ನು ಮಣ್ಣಿನಾಳಕ್ಕೆ ಇಳಿಸಿ ಬಂಡೆಗೇ ಕೂರಿಸಿದರು. ಅತ್ತೆ ಮಾತ್ರ ನಡುಮನೆಯಿಂದ ಅಡುಗೆಮನೆಗೆ ಹೋಗುವಾಗ ಇವತ್ತಿಗೂ ಆ ಜಾಗದಲ್ಲಿ ಸೆರಗು ಎತ್ತಿ ಹಿಡಿದು, ಕಾಲುವೆ ದಾಟುವ ಹಾಗೆ ದಾಟುತ್ತಾರೆ.

ಬಿರುಕಮ್ಮನ ಕೆಲಸದ ರೀತಿ ಬದಲಾಗಿದೆ. ಯಾರ ಮನೆಗೆ ಹೋದರೂ ಈಗ ಗೋಡೆ ಆಮೇಲೆ, ಮೊದಲು ಮನೆಯ ಕೆಳಗೆ. ಹೋದ ವಾರ ಗುಡ್ಡದ ಅಂಚಿನ ಒಂದು ಮನೆಗೆ ಹೋಗಿದ್ದೆವು. ಮನೆಯೊಡೆಯರು ಒಳಗೆ ಕುರ್ಚಿ ಹಾಕಿ ಕಾಯುತ್ತಿದ್ದರು. ನಾನು ಹಿಂದೆ ಹೋಗಿ ನೋಡಿದರೆ ಗೋಡೆಯ ಬುಡದಿಂದ ಬಿರುಕಮ್ಮನ ಎರಡು ಪಾದಗಳು ಮಾತ್ರ ಹೊರಗೆ ಕಾಣಿಸುತ್ತಿದ್ದವು.

"ಮೇಡಂ, ಏನಾದ್ರೂ ಸಿಕ್ತಾ?"

"ಮಣ್ಣು" ಎಂದು ಒಳಗಿನಿಂದ ದನಿ ಬಂತು. "ಆಮೇಲೆ ಒಂದು ಬೆಕ್ಕು, ನಾಲ್ಕು ಮರಿ. ಸ್ವಲ್ಪ ತಡೀರಿ, ಅವು ನನ್ನ ಮೇಲೆ ಮಲಗಿವೆ."

ನಾನು ಪಕ್ಕದ ಕಲ್ಲಿನ ಮೇಲೆ ಕೂತು ನಕ್ಷೆ ಬಿಚ್ಚಿದೆ.